ಏರಿನಲ್ಲಿ ಸೀ ವಾಸನೆ

"ಇಂಜಿನ್ ಆರಿಸಬೇಡಿ. ಹ್ಯಾಂಡ್‌ಬ್ರೇಕ್ ಮುಟ್ಟಬೇಡಿ. ಹಾಗೇ ಇರಿ."

ಕಾರಿನಿಂದ ಇಳಿಯಲು ಹೊರಟವನ ಒಂದು ಕಾಲು ನೆಲದ ಮೇಲೆ, ಇನ್ನೊಂದು ಬ್ರೇಕಿನ ಮೇಲೆ ಉಳಿಯಿತು. ಗ್ಯಾರೇಜಿನೊಳಗಿಂದ ಬಂದ ಹುಡುಗಿ ಅವನ ಮುಖವನ್ನೂ ನೋಡಲಿಲ್ಲ. ಹಿಂದಿನ ಗಾಲಿಗೆ ಮರದ ತುಂಡೊಂದನ್ನು ಒತ್ತಿಟ್ಟಳು. ಮುಂದಿನ ಗಾಲಿಯ ಪಕ್ಕ ಮೊಣಕಾಲೂರಿ ಕಣ್ಣು ಮುಚ್ಚಿದಳು. ಮೂಸಿದಳು. ಎದ್ದು ಬಾನೆಟ್ಟಿನ ಬಳಿ ಮೂಸಿದಳು, ಮತ್ತೆ ಗಾಲಿಗೆ ಬಂದಳು.

ಅವನಿಗೆ ಒಂದು ಗಂಟೆಯೊಳಗೆ ಮತ್ತೆ ಬೆಟ್ಟ ಹತ್ತಬೇಕಿತ್ತು. ತಡೆಯಲಾರದೆ ಅಂದೇಬಿಟ್ಟ.

"ಏನ್ರೀ ಇದು, ಪೊಲೀಸ್ ನಾಯಿ ಹಾಗೆ?"

"ನಾಯಿ ಸುಳ್ಳು ಹೇಳಲ್ಲ. ಡ್ರೈವರ್‌ಗಳು ಹೇಳ್ತಾರೆ." ಅವಳು ಈಗ ಮುಖವೆತ್ತಿದಳು. "ನ್ಯೂಟ್ರಲ್‌ನಲ್ಲಿ ಇಳಿಸಿಕೊಂಡು ಬಂದಿದೀರಿ. ಅಷ್ಟೂ ತಿರುವು ಬ್ರೇಕಿನ ಮೇಲೇ. ಕಾದ ಕಬ್ಬಿಣದ ಘಾಟು. ಈಗ ಹ್ಯಾಂಡ್‌ಬ್ರೇಕ್ ಎಳೆದ್ರೆ ಕಚ್ಚಿಕೊಂಡು ಕೂರುತ್ತೆ."

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅವರ ಮೊದಲ ಭೇಟಿ ಹೀಗಿತ್ತು. ಆಮೇಲೆ ಎಷ್ಟೋ ದಿನ ಅವನು ಅವಳನ್ನು 'ಡಾಕ್ಟ್ರೇ' ಎಂದು ಕರೆದ. ಅಣಕಕ್ಕೆ ಶುರುವಾದದ್ದು ಗೌರವವಾಯಿತು. ಗೌರವ ಇನ್ನೇನೋ ಆಗುತ್ತಿದ್ದಾಗ ಇಬ್ಬರೂ ಅದಕ್ಕೆ ಹೆಸರಿಡಲಿಲ್ಲ...

ಬೆಟ್ಟದ ಮೇಲೊಂದು ಆಸ್ಪತ್ರೆ, ಕೆಳಗಿನ ಊರಿನಲ್ಲಿ ಅದರ ರಕ್ತನಿಧಿ. ರಕ್ತದ ಚೀಲಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಮೇಲಕ್ಕೊಯ್ಯುವ ಕಾರಿನ ಚಾಲಕ ಅವನು. ಅವನ ವೇಗ ನೋಡಿ ಊರವರು ಇಟ್ಟ ಹೆಸರು ಓಟಗಾರ. ಅವಳು ರಸಾಯನಶಾಸ್ತ್ರ ಓದಿದವಳು. ಅಪ್ಪನ ಕೈ ನಡುಗತೊಡಗಿ ನಟ್ಟು ಬಿಚ್ಚುವ ಪಾನ ಜಾರಿ ಬೀಳಲಾರಂಭಿಸಿದ ಮೇಲೆ ಗ್ಯಾರೇಜಿಗೆ ಬಂದು ನಿಂತವಳು. ಕೆಟ್ಟದ್ದನ್ನು ವಾಸನೆಯಲ್ಲೇ ಹಿಡಿಯುತ್ತಿದ್ದುದರಿಂದ ಚಾಲಕರೆಲ್ಲ ಅವಳನ್ನು 'ಮೂಗಕ್ಕ' ಎನ್ನುತ್ತಿದ್ದರು. "ಮೂಗೇನೋ ಚುರುಕು, ಆದ್ರೆ ಮನಸ್ಸಿನ ಮಾತು ಹೇಳೋ ಹೊತ್ತಿಗೆ ನನ್ನ ಮಗಳು ಮೂಗಿ," ಎಂದು ಅಪ್ಪ ನಗುತ್ತಿದ್ದರು.

ಅವಳ ತಕರಾರು ಒಂದೇ. ವಾಸನೆ ಎಂದರೆ ಕಾರಿನ ಮಾತು, ಕಾದಿರುವಾಗ ಮಾತ್ರ ಆಡುತ್ತದೆ. ಬೆಟ್ಟದಲ್ಲಿ ಬಂದ ವಾಸನೆ ಗ್ಯಾರೇಜಿಗೆ ಬರುವಷ್ಟರಲ್ಲಿ ಆರಿಹೋಗಿರುತ್ತದೆ. ಅದಕ್ಕೇ ಅವನಿಗೆ ಒಂದು ಪೆನ್ಸಿಲು, ಒಂದಿಷ್ಟು ಚೀಟಿ ಕೊಟ್ಟಳು. ಎಲ್ಲಿ ಬಂತು, ಯಾವಾಗ ಬಂತು, ಯಾವುದರ ಹಾಗಿತ್ತು... ಮೂರೇ ವಿಷಯ. ಯಾವ ವಾಸನೆಗೆ ಯಾವ ಕಾಯಿಲೆ ಎಂದು ಅವನು ಕೇಳಿದಾಗ ಮಾತ್ರ ಹೇಳಲಿಲ್ಲ. ಉತ್ತರ ಗೊತ್ತಿದ್ದರೆ ಮೂಗು ಆ ಉತ್ತರವನ್ನೇ ಮೂಸುತ್ತದೆ ಎಂಬುದು ಅವಳು ಪ್ರಯೋಗಶಾಲೆಯಲ್ಲಿ ಕಲಿತ ಪಾಠ.

"ಕಾಯಿಲೆ ಹೆಸರು ನನ್ನ ಕೆಲಸ. ನೀವು ವಾಸನೆ ಮಾತ್ರ ಹೇಳಿ," ಎಂದಿದ್ದಳು.

ಈ ಎಚ್ಚರಿಕೆಯೇ ಮುಂದೆ ಅವಳನ್ನು ಸುಟ್ಟಿತು.

ಚೀಟಿಗಳು ಬರತೊಡಗಿದವು. ಕಾರಿನ ಕೀಲಿಯ ಜೊತೆ ಮಡಿಸಿಟ್ಟ ಚೀಟಿಗಳು. 'ಮೂರನೇ ತಿರುವು, ಇಳಿಜಾರು, ಸುಟ್ಟ ಕೂದಲಿನ ಹಾಗೆ. ನನ್ನದಲ್ಲ, ತಲೆ ಮುಟ್ಟಿ ನೋಡಿಕೊಂಡೆ.' 'ಬೆಳಿಗ್ಗೆ, ಎಸಿ ಹಾಕಿದಾಗ, ಒದ್ದೆ ಕಾಲುಚೀಲದ ಹಾಗೆ.' ಅವಳು ಪ್ರತಿಯೊಂದನ್ನೂ ದಪ್ಪ ಪುಸ್ತಕವೊಂದಕ್ಕೆ ಅಂಟಿಸಿ, ಎದುರಿಗೆ ಕಾರಣ ಬರೆದಿಡುತ್ತಿದ್ದಳು.

ಒಂದು ಚೀಟಿಯನ್ನು ಮಾತ್ರ ಅಂಟಿಸಲಿಲ್ಲ.

'ಇವತ್ತು ಯಾವ ವಾಸನೆಯೂ ಇಲ್ಲ. ಸುಮ್ಮನೆ ಬರೆದೆ.'

ಅದು ಅವಳ ಕಾಲೇಜಿನ ಹಳೆಯ ಪಠ್ಯಪುಸ್ತಕದ ನಡುವೆ ಹೋಗಿ ಕೂತಿತು. ದಿನಕ್ಕೊಮ್ಮೆ ಹೊರಬರುತ್ತಿತ್ತು.

ಎಲ್ಲ ಕೆಟ್ಟದ್ದು ಒಂದು ನೆಗಡಿಯಿಂದ.

ಆ ವಾರ ಅವಳ ಮೂಗು ಪೂರ್ತಿ ಕಟ್ಟಿತ್ತು. ಸೀಮೆಎಣ್ಣೆ ಹಿಡಿದರೂ ನೀರು ಹಿಡಿದರೂ ಒಂದೇ. ಆಗಲೇ ಬಂದದ್ದು ಆ ಚೀಟಿ. ಆತುರದಲ್ಲಿ ಗೀಚಿದ ಒಂದೇ ಸಾಲು.

'ಏರಿನಲ್ಲಿ ಸೀ ವಾಸನೆ.'

ಅವಳು ಓದಿದಳು. ಏರು ಹತ್ತುವಾಗ ಸೀದ ವಾಸನೆ ಎಂದರೆ ಕ್ಲಚ್ಚು. ಸಂಶಯಕ್ಕೆ ಜಾಗವೇ ಇರಲಿಲ್ಲ. ಬಿಚ್ಚಿ ನೋಡಿದರೆ ಕ್ಲಚ್ ಪ್ಲೇಟು ನಿಜಕ್ಕೂ ಸವೆದಿತ್ತು. ಹುಡುಕಿದ್ದು ಸಿಕ್ಕಿದ್ದರಿಂದ ಅವಳು ಹುಡುಕುವುದನ್ನು ನಿಲ್ಲಿಸಿದಳು. ಹೊಸದು ಹಾಕಿ ಕಳಿಸಿದಳು.

ಮರುದಿನ ಅವನು ಕಿಟಕಿಯಿಂದಲೇ ಹೇಳಿದ್ದ, ಇನ್ನೂ ಸ್ವಲ್ಪ ಬರುತ್ತಿದೆ ಎಂದು. ಹೊಸ ಪ್ಲೇಟು ಎರಡು ಮೂರು ದಿನ ವಾಸನೆ ಕೊಡುತ್ತದೆ, ಹೆದರಬೇಡಿ ಎಂದು ಅವಳು ಮೂಗೊರೆಸಿಕೊಳ್ಳುತ್ತ ಹೇಳಿದ್ದಳು. ಡಾಕ್ಟರು ಹೇಳಿದ ಮೇಲೆ ಮುಗಿಯಿತು ಎಂದು ಅವನು ನಕ್ಕು ಹೋಗಿದ್ದ.

ಮೂರನೆಯ ದಿನ, ಮೇಲೆ ಒಬ್ಬ ಬಾಣಂತಿಗೆ ರಕ್ತ ನಿಲ್ಲುತ್ತಿರಲಿಲ್ಲ. ಓಟಗಾರ ನಾಲ್ಕು ಚೀಲ ರಕ್ತದೊಂದಿಗೆ ಹೊರಟ. ಆಸ್ಪತ್ರೆಗೆ ಇನ್ನೂ ನಾಲ್ಕು ಕಿಲೋಮೀಟರು ಇರುವಾಗ ಇಂಜಿನ್ ಒಂದು ಸಲ ನರಳಿ ಕಚ್ಚಿಕೊಂಡಿತು. ಫೋನಿಗೆ ಸಿಗ್ನಲ್ ಸಿಗದ ತಿರುವು. ಹಿಂದೆ ಮುಂದೆ ಒಂದೇ ಒಂದು ಗಾಡಿ ಇಲ್ಲ.

ಅವನು ಪೆಟ್ಟಿಗೆಯನ್ನು ಹೆಗಲಿಗೇರಿಸಿ ಓಡಿದ. ಏರು ರಸ್ತೆಯಲ್ಲಿ, ನಾಲ್ಕು ಕಿಲೋಮೀಟರು.

ನಲವತ್ತು ನಿಮಿಷ ತಡವಾಯಿತು. ಬಾಣಂತಿ ಎರಡು ದಿನ ಸಾವು ಬದುಕಿನ ನಡುವೆ ತೂಗಾಡಿ, ಉಳಿದಳು. ಆದರೆ ಆ ನಲವತ್ತು ನಿಮಿಷಕ್ಕೆ ಯಾರಾದರೂ ಉತ್ತರ ಕೊಡಲೇಬೇಕಿತ್ತು.

ಕಾರನ್ನು ಎಳೆದು ತಂದ ದಿನ ಅವಳ ಮೂಗು ತೆರೆದಿತ್ತು. ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಹೊಡೆದದ್ದು ಸಕ್ಕರೆ ಪಾಕದಂಥ ವಾಸನೆ. ಎಡಗಡೆ ಕಾಲಡಿಯ ಹಾಸು ಅಂಟಂಟಾಗಿತ್ತು. ಗಾಜಿನ ಒಳಗೆ ಜಿಡ್ಡಿನ ತೆಳು ಪರದೆ. ಹೀಟರಿನೊಳಗೆ ಕೂಲೆಂಟ್, ಅಂದರೆ ಇಂಜಿನನ್ನು ತಂಪಾಗಿಡುವ ದ್ರವ, ದಿನಗಟ್ಟಲೆ ಹನಿಹನಿಯಾಗಿ ಸೋರಿತ್ತು. ಅದು ಖಾಲಿಯಾದ ಮೇಲೆ ಶಾಖದ ಮುಳ್ಳಿಗೆ ಅಳೆಯಲು ಏನೂ ಉಳಿದಿರಲಿಲ್ಲ. ಮುಳ್ಳು ತೆಪ್ಪಗೆ ಕೂತಿತ್ತು. ಇಂಜಿನ್ ಒಳಗೊಳಗೇ ಬೆಂದುಹೋಗಿತ್ತು.

ಇಷ್ಟು ಗಾಢವಾದ ಸಿಹಿ ವಾಸನೆ... ಅದರೊಳಗೇ ಕೂತು ಓಡಿಸಿದವನು ಒಂದು ಮಾತು ಬರೆಯಲಿಲ್ಲವೇ?

ಅವನು ಬಾಗಿಲಲ್ಲಿ ನಿಂತಿದ್ದ. ಪೆಟ್ಟಿಗೆಯ ಪಟ್ಟಿ ಹೆಗಲನ್ನು ಕೊಯ್ದು ಅಂಗಿಯ ಮೇಲೆ ರಕ್ತದ ಗೆರೆ ಒಣಗಿತ್ತು. ಅವಳು ಅದನ್ನು ನೋಡಿದಳು. ನೋಡಿಯೂ ಅಂದಳು.

"ನಿಮ್ಮ ಮೂಗಿಗೆ ಏನಾಗಿತ್ತು? ದಿನಗಟ್ಟಲೆ ಸಿಹಿ ವಾಸನೆ ಬಂದಿದೆ ಇಲ್ಲಿ. ಒಂದು ಚೀಟಿ ಬರೀಲಿಲ್ಲ ನೀವು. ಒಬ್ಬ ತಾಯಿ ಸಾಯ್ತಾ ಇದ್ದಳು..."

ಅವನು ಅವಳನ್ನೇ ನೋಡಿದ. ಏನೋ ಹೇಳಲು ತುಟಿ ಅಲುಗಿತು. ನಂತರ ಅವನ ಕಣ್ಣು ಗ್ಯಾರೇಜಿನ ಮೂಲೆಗೆ ಹೋಯಿತು. ಅಲ್ಲಿ ಕುರ್ಚಿಯಲ್ಲಿ ಅವಳ ಅಪ್ಪ, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.

"ಹೌದು," ಎಂದ ಅವನು. "ಬರೀಲಿಲ್ಲ."

ಹೊರಟುಹೋದ.

ಹತ್ತು ದಿನ ಅವನ ಸುದ್ದಿ ಇಲ್ಲ. ಹನ್ನೊಂದನೆಯ ಬೆಳಿಗ್ಗೆ ಆಸ್ಪತ್ರೆಯ ಕಾವಲುಗಾರ ಗಾಡಿಗೆ ಗಾಳಿ ಹಾಕಿಸಲು ಬಂದವನು ಅಪ್ಪನಿಗೆ ಹೇಳಿದ. ಇವತ್ತು ಹನ್ನೊಂದೂವರೆಗೆ ವಿಚಾರಣೆಯ ಕೊನೆಯ ಸಹಿ. ವಾಸನೆ ಬಂದರೂ ಗ್ಯಾರೇಜಿಗೆ ತಿಳಿಸಲಿಲ್ಲ, ತಪ್ಪೆಲ್ಲ ನನ್ನದೇ ಎಂದು ಓಟಗಾರ ಬರೆದುಕೊಟ್ಟಿದ್ದಾನೆ. ಸಹಿ ಬಿದ್ದರೆ ಇನ್ನು ಯಾವ ಆಸ್ಪತ್ರೆಯ ಗಾಡಿಯನ್ನೂ ಮುಟ್ಟುವಂತಿಲ್ಲ. ಆಮೇಲೆ ಅಲ್ಲಿಂದಲೇ ಬಸ್ಸು ಹತ್ತಿ ಎಲ್ಲೋ ದೂರದ ಬಂದರಿಗೆ, ಲಾರಿ ಓಡಿಸಲು.

ಅವಳ ಕೈಯಲ್ಲಿದ್ದ ಪಾನ ನಿಂತಿತು.

ತಪ್ಪು ಮಾಡಿದವನು ಒಪ್ಪಿಕೊಂಡಿದ್ದಾನೆ. ಸಮಾಧಾನವಾಗಬೇಕಿತ್ತು. ಎದೆಯೊಳಗೆ ಯಾಕೆ ಯಾರೋ ಏರಿನಲ್ಲಿ ಓಡುತ್ತಿರುವ ಹಾಗೆ...

ಈ ಕೆಲಸವೇ ಬೇಡ, ಮೂಗು ನಂಬಿ ಬದುಕುವುದೇ ಬೇಡ, ಗ್ಯಾರೇಜು ಮುಚ್ಚಿಬಿಡೋಣ ಎಂದು ಅಪ್ಪನ ಮುಂದೆ ಕುಸಿದಳು. ಅಪ್ಪ ಅವಳ ತಲೆ ಸವರಿದರು.

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋದಾ, ಮಗಳೇ? ಅವನ ಸಾಮಾನು ಇನ್ನೂ ಇಲ್ಲೇ ಇದೆ. ತಗೊಂಡು ಹೋಗು. ನಿನ್ನ ಆ ಪುಸ್ತಕಾನೂ ಒಯ್ಯಿ. ಬರೀಲಿಲ್ಲ ಅಂದ್ನಲ್ಲ, ಯಾಕೆ ಬರೀಲಿಲ್ಲ ಅಂತ ಮುಖ ನೋಡಿ ಕೇಳು."

ಸತ್ತ ಕಾರಿನಲ್ಲಿ ಉಳಿದಿದ್ದ ಅವನ ಫ್ಲಾಸ್ಕು, ಪೆನ್ಸಿಲು, ಬರೆಯದ ಚೀಟಿಗಳ ಕಟ್ಟು. ಅವನ್ನೂ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು ಅಪ್ಪನ ಹಳೆಯ ಕಾರು ತೆಗೆದಳು. ಓಟಗಾರನ ಮನೆ ಊರಂಚಿನಲ್ಲಿತ್ತು. ಅವನು ಆಗಲೇ ಹೊರಟಾಗಿತ್ತು. ಬಾಗಿಲು ತೆರೆದವರು ಅವನನ್ನು ಸಾಕಿ ಬೆಳೆಸಿದ ಅಜ್ಜಿ.

ಸಾಮಾನು ಕೊಟ್ಟು ಹಿಂದಿರುಗಬೇಕೆಂದಿದ್ದವಳನ್ನು ಅಜ್ಜಿ ಬಿಡಲಿಲ್ಲ. ಮೂಗಿನ ಡಾಕ್ಟರಮ್ಮ ನೀನೇ ಅಲ್ಲವಾ, ದಿನಾ ನಿನ್ನ ಮಾತೇ ಆಡುತ್ತಿದ್ದ, ಈಗ ಹತ್ತು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ ಎನ್ನುತ್ತ ಕೈಹಿಡಿದು ಕೂರಿಸಿದರು. ಅಜ್ಜಿ ಹಿತ್ತಲಿನ ಬಾವಿಯ ನೀರನ್ನು ಲೋಟಕ್ಕೆ ಬಗ್ಗಿಸಿ ಮುಂದೆ ಹಿಡಿದರು.

"ಕುಡಿ ಮಗಾ. ನಮ್ಮ ಬಾವಿ ನೀರು, ಸೀ ಇದೆ."

ಲೋಟ ತುಟಿಯವರೆಗೆ ಬಂದು ನಿಂತಿತು.

"ಏನಂದ್ರಿ ಅಜ್ಜಿ?"

"ಸೀ ಇದೆ ಅಂದೆ. ಉಪ್ಪು ನೀರಲ್ಲ. ಸಿಹಿ ಅಂತೀರಲ್ಲ ನೀವು, ಅದೇ. ನಮ್ಮನೇಲಿ ಎಲ್ಲರಿಗೂ ಸೀ ಅನ್ನೋದೇ ರೂಢಿ. ಅವನಿಗೂ ಅಷ್ಟೆ."

ಲೋಟದ ನೀರು ಅವಳ ಮಡಿಲಿಗೆ ಚೆಲ್ಲಿತು.

ಚೀಲದಿಂದ ಪುಸ್ತಕ ತೆಗೆದು ಬಿಡಿಸಿದಳು. ಹಾಳೆ ತಿರುವಿದಳು. ಅಲ್ಲೇ ಇತ್ತು, ಅವನ ಕೈಬರಹದಲ್ಲಿ, ಅವಳೇ ಅಂಟು ಹಚ್ಚಿ ಅಂಟಿಸಿದ್ದು. ಏರಿನಲ್ಲಿ ಸೀ ವಾಸನೆ. ಅದರ ಎದುರು ಅವಳದೇ ದುಂಡಗಿನ ಅಕ್ಷರ... 'ಕ್ಲಚ್'.

ಅವನು ಬರೆದಿದ್ದ.

ಬರೆದಿದ್ದ, ಬಂದು ಬಾಯಲ್ಲೂ ಹೇಳಿದ್ದ, ಇನ್ನೂ ಬರುತ್ತಿದೆ ಎಂದು. ಹೆದರಬೇಡಿ ಎಂದು ಕಳಿಸಿದವಳು ಅವಳು. ಒಂದು 'ದ' ಇಲ್ಲದ ಕಡೆ ತಾನೇ ಒಂದು 'ದ' ಬರೆದುಕೊಂಡು ಓದಿ, ರಕ್ತ ಒಣಗಿದ ಹೆಗಲು ಹೊತ್ತು ನಿಂತವನಿಗೆ 'ನಿಮ್ಮ ಮೂಗಿಗೆ ಏನಾಗಿತ್ತು' ಎಂದವಳು.

ಹಾಗಾದರೆ ಅವನು ಏನೆಂದುಕೊಂಡಿರಬೇಕು? ಚೀಟಿ ಕೈಯಲ್ಲಿಟ್ಟುಕೊಂಡೇ, ಗ್ಯಾರೇಜು ಉಳಿಸಿಕೊಳ್ಳಲು ಇವಳು ಮುಖದ ಮೇಲೆ ಸುಳ್ಳು ಹೇಳುತ್ತಿದ್ದಾಳೆ ಎಂದು...

ಹಾಗೆಂದುಕೊಂಡೂ 'ಬರೀಲಿಲ್ಲ' ಎಂದನೇ?

ಗೋಡೆಯ ಗಡಿಯಾರ ಹನ್ನೊಂದಕ್ಕೆ ಐದು ನಿಮಿಷ ಎನ್ನುತ್ತಿತ್ತು. ಆಸ್ಪತ್ರೆಗೆ ನಲವತ್ತು ನಿಮಿಷದ ದಾರಿ. ಅವಳು ಅಜ್ಜಿಯ ಕಾಲು ಮುಟ್ಟಿದಳೋ, ಎಡವಿದಳೋ ಅವಳಿಗೇ ಗೊತ್ತಾಗಲಿಲ್ಲ.

ಅಪ್ಪನ ಕಾರು ಅಂಥ ಓಟ ಎಂದೂ ಕಂಡಿರಲಿಲ್ಲ. ತಿರುವಿನಲ್ಲಿ ಗಾಲಿ ಚೀರಿತು. ಕಡಿದಾದ ಏರಿನಲ್ಲಿ ಅರ್ಧ ಕ್ಲಚ್ಚು ಒತ್ತಿ, ಇಂಜಿನನ್ನು ಅರಚಿಸಿ, ತಾನು ಯಾವ ಚಾಲಕನನ್ನೂ ಕ್ಷಮಿಸದ ಎಲ್ಲ ತಪ್ಪುಗಳನ್ನೂ ಒಂದೊಂದಾಗಿ ಮಾಡಿದಳು. ಹತ್ತನೆಯ ತಿರುವಿನಲ್ಲಿ ಮೂಗಿಗೆ ಅಡರಿತು, ಸುಟ್ಟ ಕಾಗದದ ಘಾಟು.

ಇದು ಸೀದದ್ದು. ಇದಕ್ಕೂ ಅದಕ್ಕೂ ಭೂಮಿ ಆಕಾಶದ ಅಂತರ. ಚೀಟಿಯ ಮೇಲೆ ಮಾತ್ರ ಒಂದೇ ಅಕ್ಷರ.

ಕಾರು ಕೆಟ್ಟು ನಿಂತಿದ್ದ ಜಾಗ ದಾಟಿತು. ಇಲ್ಲಿಂದ ಅವನು ಓಡಿದ್ದು. ಕಾರಿನಲ್ಲಿ ಕೂತೂ ಆ ನಾಲ್ಕು ಕಿಲೋಮೀಟರು ಮುಗಿಯಲೊಲ್ಲದು. ಕಣ್ಣೀರಿಗೆ ರಸ್ತೆ ಮಸುಕಾಯಿತು. ಅಳಬೇಡ, ಕಾಣಿಸಲ್ಲ, ಆಮೇಲೆ ಅಳು ಎಂದು ತನ್ನನ್ನೇ ಗದರಿಕೊಂಡಳು. ಸಹಿ ಮಾಡಬೇಡಿ... ಇನ್ನೈದು ನಿಮಿಷ... ದಯವಿಟ್ಟು...

ಆಡಳಿತಾಧಿಕಾರಿಯ ಕೋಣೆಯ ಬಾಗಿಲನ್ನು ಅವಳು ತಟ್ಟಲಿಲ್ಲ.

ಮೇಜಿನಾಚೆ ಕನ್ನಡಕದ ಹಿರಿಯ ಹೆಂಗಸು, ಈಚೆ ಅವನು. ಕಾಲ ಬಳಿ ಸಣ್ಣ ಸೂಟ್‌ಕೇಸು. ಕೈಯಲ್ಲಿ ಪೆನ್ನು. ಕಾಗದದ ಮೇಲೆ ಅವನ ಹೆಸರಿನ ಅರ್ಧ ಬಿದ್ದಾಗಿತ್ತು.

"ಅವರು ಬರೆದಿದ್ರು, ಮೇಡಂ." ಉಸಿರು ಸಿಕ್ಕದೆ ಅವಳು ಬಾಗಿಲ ಚೌಕಟ್ಟು ಹಿಡಿದಳು. "ವಾಸನೆ ಬಂದಿದೆ ಅಂತ ನನಗೆ ಬರೆದುಕೊಟ್ಟಿದ್ರು. ತಪ್ಪು ನನ್ನದು."

ಅವನು ತಿರುಗಿದ. "ಡಾಕ್ಟ್ರೇ, ಬೇಡ. ಸುಮ್ಮನಿರಿ."

ಅವಳು ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು, ಚೀಟಿಯ ಎದುರು ತಾನು ಬರೆದದ್ದನ್ನು ಅಂಗೈಯಿಂದ ಮುಚ್ಚಿದಳು. ಚೀಟಿಯನ್ನು ಮಾತ್ರ ಓದಿ ಎಂದು ಅಧಿಕಾರಿಯನ್ನು ಕೇಳಿಕೊಂಡಳು. ಅವರು ಕನ್ನಡಕ ಸರಿಮಾಡಿಕೊಂಡರು.

"ಏರಿನಲ್ಲಿ ಸೀ ವಾಸನೆ... ಅಂದರೆ ಸೀದ ವಾಸನೆ. ಏನೋ ಸುಡ್ತಾ ಇದೆ ಅಂತ ತಾನೇ?"

ಓಟಗಾರನ ಕೈಯಿಂದ ಪೆನ್ನು ಜಾರಿ ಕಾಗದದ ಮೇಲೆ ಉರುಳಿತು.

"ಸೀ ಅಂದ್ರೆ..." ಅವನ ದನಿ ಎಲ್ಲೋ ಒಳಗಿನಿಂದ ಬಂತು. "ಸೀ ಅಂದ್ರೆ ಸಿಹಿ ಅಲ್ವಾ?"

"ಹೌದು, ನಿಮ್ಮ ಮನೇಲಿ," ಎಂದಳು ಅವಳು. "ನನಗೆ ಅರ್ಧ ಗಂಟೆ ಹಿಂದೆ ಗೊತ್ತಾಯ್ತು. ನಿಮ್ಮ ಅಜ್ಜಿ ನೀರು ಕೊಟ್ರು."

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ನೆಗಡಿ, ಕ್ಲಚ್ಚು, ಅವನು ಮತ್ತೆ ಬಂದು ಹೇಳಿದಾಗ ತಾನು ಕೊಟ್ಟ ಉತ್ತರ, ಸುಮ್ಮನಿದ್ದ ಶಾಖದ ಮುಳ್ಳು. ಒಂದನ್ನೂ ಮೆತ್ತಗೆ ಮಾಡಲಿಲ್ಲ. ಅಧಿಕಾರಿ ಅಷ್ಟನ್ನೂ ಬರೆದುಕೊಂಡರು. ಅರ್ಧ ಸಹಿಯ ಕಾಗದವನ್ನು ಅಡ್ಡ ಹರಿದು ಬುಟ್ಟಿಗೆ ಹಾಕಿದರು. ಚಾಲಕ ಕೆಲಸಕ್ಕೆ ಮರಳಬಹುದು. ಗ್ಯಾರೇಜಿಗೆ ಮಾತ್ರ ಒಂದು ವರ್ಷ ಆಸ್ಪತ್ರೆಯ ಗಾಡಿ ಬರುವುದಿಲ್ಲ.

ಅವಳು ತಲೆಯಾಡಿಸಿದಳು. ಅಪ್ಪನ ಕುರ್ಚಿ, ಖಾಲಿ ಗ್ಯಾರೇಜು ಕಣ್ಣ ಮುಂದೆ ಬಂದವು. ಆದರೂ ಹತ್ತು ದಿನದಲ್ಲಿ ಮೊದಲ ಬಾರಿ ಉಸಿರು ಪೂರ್ತಿ ಒಳಗೆ ಹೋಯಿತು.

"ಇನ್ನು ಮೇಲೆ ಚೀಟಿ ಬರೆಯೋದಾದ್ರೆ ಪದ ಪೂರ್ತಿ ಬರೀರಪ್ಪ," ಎಂದರು ಅಧಿಕಾರಿ, ಕನ್ನಡಕ ತೆಗೆಯುತ್ತ. "ಪೂರ್ತಿ ಓದೋಳೂ ಇರಬೇಕು ಅನ್ನಿ."

ಹೊರಗೆ ಅಪ್ಪನ ಕಾರು ಇನ್ನೂ ಹೊಗೆಯಾಡುತ್ತಿತ್ತು. ದೂರದ ಬಂದರಿಗೆ ಹೋಗುವ ಬಸ್ಸು ಗೇಟಿನ ಮುಂದೆ ನಿಂತು, ಹಾರ್ನ್ ಹೊಡೆದು, ಯಾರಿಗೂ ಕಾಯದೆ ಹೊರಟಿತು. ಅವನು ಅದರತ್ತ ನೋಡಲೂ ಇಲ್ಲ.

ಅವಳು ಅವನತ್ತ ತಿರುಗಿದಳು.

"ನಾನು ಸುಳ್ಳು ಹೇಳ್ತಿದೀನಿ ಅಂದುಕೊಂಡ್ರಿ, ಅಲ್ವಾ?"

ಅವನು ಹೌದೆಂದ.

"ಹಾಗಂದುಕೊಂಡೂ ತಪ್ಪು ಹೊತ್ತುಕೊಂಡ್ರಿ. ಯಾಕೆ?"

"ಅವತ್ತು ನಿಮ್ಮ ಅಪ್ಪನ ಕೈ ನೋಡಿದೆ." ಅವನು ತಡೆದ. "ಅದು ಅರ್ಧ ಸತ್ಯ. ಇನ್ನರ್ಧ... ನೀವು ಸುಳ್ಳು ಹೇಳಿದ್ರೂ ನನಗೆ ನಿಮ್ಮ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲಿಲ್ವಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು. ಅದಕ್ಕೇ ದೂರ ಹೋಗೋಣ ಅಂತ."

ಅವಳು ಅಲ್ಲಿಯವರೆಗೆ ತಡೆದಿಟ್ಟಿದ್ದ ಅಳು ಈಗ ಬಂತು. ಅವನಿಗೆ ಏನು ಮಾಡಬೇಕೋ ತೋಚಲಿಲ್ಲ. ಕಾರಿನ ಮುಂದೆ ಮೊಣಕಾಲೂರಿ, ಕಣ್ಣು ಮುಚ್ಚಿ, ಗಂಭೀರವಾಗಿ ಮೂಸಿದ.

"ಏನ್ರೀ ಇದು," ಎಂದಳು ಅವಳು ಬಿಕ್ಕುತ್ತ, "ಪೊಲೀಸ್ ನಾಯಿ ಹಾಗೆ?"

"ಏರಿನಲ್ಲಿ ಬಂದದ್ದು. ಸೀದ ವಾಸನೆ. 'ದ' ಇದೆ, ಬರ್ಕೊಳ್ಳಿ."

ಅಳುವಿನ ನಡುವೆ ಅವಳಿಗೆ ನಗು ಬಂತು. ಚೀಲಕ್ಕೆ ಕೈಹಾಕಿದಳು. ಅಜ್ಜಿಗೆ ಕೊಡಲು ಮರೆತು ಉಳಿದಿದ್ದ ಪೆನ್ಸಿಲು, ಬರೆಯದ ಚೀಟಿಗಳ ಕಟ್ಟು. ಬಿಸಿ ಬಾನೆಟ್ಟಿನ ಮೇಲೆ ಪುಸ್ತಕ ಇಟ್ಟು, ಅದರ ಮೇಲೆ ಚೀಟಿ ಇಟ್ಟು, ಮೂರು ಸಾಲು ಬರೆದಳು. ಮಡಿಸಿ, ಕಾರಿನ ಕೀಲಿಯ ಜೊತೆ ಅವನ ಕೈಯಲ್ಲಿಟ್ಟಳು.

ಅವನು ಬಿಡಿಸಿ ಓದಿದ.

'ಎಲ್ಲಿ: ನೀನಿರುವ ಕಡೆ. ಯಾವಾಗ: ಆ ಮೊದಲ ದಿನದಿಂದ. ಯಾವುದರ ಹಾಗೆ: ಸೀ.'

ಓಟಗಾರ ಬಹಳ ಹೊತ್ತು ಆ ಒಂದಕ್ಷರವನ್ನೇ ನೋಡುತ್ತ ನಿಂತ. ಮುಖವೆತ್ತಿದಾಗ ಅವನ ಕಣ್ಣೂ ತುಂಬಿತ್ತು.

"ಇದು ಯಾವ ಸೀ?" ಎಂದು ಕೇಳಿದ, ಮೆಲ್ಲಗೆ.

"ನಿನ್ನ ಅಜ್ಜಿಯದು," ಎಂದಳು ಅವಳು.